ಸಿಂಹಾಸನ ತುಳಸಿಕಟ್ಟೆಯ ಪಕ್ಕದಲ್ಲಿ, ಮಗು ಅಜ್ಜಿಯ ತೊಡೆಯ ಮೇಲೆ

ಹೋದ ಭಾನುವಾರ ಹಾಸನದಲ್ಲಿ ನೆಂಟರ ಗೃಹಪ್ರವೇಶ. ಮೈಸೂರಿನಿಂದ ಬೆಳಗ್ಗೆ ಆರಕ್ಕೆ ಹೊರಡಬೇಕಿತ್ತು. ನಾನು ಐದಕ್ಕೇ ಎದ್ದು, ಮೈದುನನ ಹೊಸ ಕಾರಿನ ಹಿಂದಿನ ಸೀಟಿನ ಸಂದಿಗೆ ಕೈ ತೂರಿಸಿ, ಕೊಕ್ಕೆ ಹುಡುಕಿ, ಉಗುರು ಮುರಿದುಕೊಂಡು ಮಗಳ ಚೈಲ್ಡ್ ಸೀಟನ್ನು ಕೂರಿಸಿದ್ದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ತುಳಸಿಕಟ್ಟೆಯ ಪಕ್ಕದಲ್ಲಿ ಬಿದ್ದಿತ್ತು. ಅದಿದ್ದ ಜಾಗದಲ್ಲಿ ತೆಂಗಿನಕಾಯಿ ಚೀಲ, ಉಡುಗೊರೆಯ ಮಿಕ್ಸಿ, ಚಿಕ್ಕತ್ತೆ. ಮೂರು ವರ್ಷದ ನನ್ನ ಮಗಳು ಮುಂದಿನ ಸೀಟಿನಲ್ಲಿ, ಅಜ್ಜಿಯ ತೊಡೆಯ ಮೇಲೆ, ಎರಡೂ ಅಂಗೈಗಳನ್ನು ಡ್ಯಾಶ್‌ಬೋರ್ಡ್‌ಗೆ ಊರಿಕೊಂಡು ಕುಳಿತಿದ್ದಳು.

“ಅತ್ತಿಗೆ, ಆ ಸಿಂಹಾಸನ ಇಟ್ಟರೆ ಜನ ಎಲ್ಲಿ ಕೂರಬೇಕು?” ಎಂದ ಮೈದುನ. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಅದನ್ನು ನಾನು ಮರೆಯುವುದಿಲ್ಲ.

“ನಿನ್ನ ಗಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಓಮ್ನಿಯಲ್ಲಿ ಧರ್ಮಸ್ಥಳಕ್ಕೆ ಹೋಗಿ ಬಂದವಳು ನಾನು. ಅವನಿಗೇನಾಗಿದೆ?” ಎಂದರು ಅತ್ತೆ. ಏನೂ ಆಗಿಲ್ಲ, ನಿಜ. ಆದರೆ ಆ ಓಮ್ನಿಯಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಈ ಕಾರಿನಲ್ಲಿ ಇದೆ. ಮಗಳು ಅಂಗೈ ಊರಿದ್ದಳಲ್ಲ, ಸರಿಯಾಗಿ ಅದೇ ಮುಚ್ಚಳದ ಕೆಳಗೆ ಮಡಚಿ ಇಟ್ಟಿದ್ದಾರೆ. ಚಾಲಕನ ಪಕ್ಕದ ಸೀಟಿಗೂ ಏರ್‌ಬ್ಯಾಗ್ ಇರಲೇಬೇಕು ಎಂಬ ನಿಯಮ ಬಂದದ್ದು 2021ರಲ್ಲಿ. ಅತ್ತೆಯ ಅನುಭವ ಅದಕ್ಕಿಂತ ಮೂವತ್ತು ವರ್ಷ ಹಿಂದಿನದು.

ಏರ್‌ಬ್ಯಾಗ್ ಎಂದರೆ ದಿಂಬು ಎಂದು ನಮ್ಮ ಮನೆಯವರೆಲ್ಲ ತಿಳಿದಿದ್ದಾರೆ. ಡಿಕ್ಕಿಯಾದಾಗ ಮೆತ್ತಗೆ ಬಂದು ಮಗುವಿನ ಕೆನ್ನೆಗೆ ಆತುಕೊಳ್ಳುತ್ತದಂತೆ! ಕಣ್ಣು ಮಿಟುಕಿಸಲು ಬೇಕಾಗುವ ಸಮಯದ ಅರ್ಧದೊಳಗೇ ಅದು ಮುಚ್ಚಳ ಸೀಳಿಕೊಂಡು ಹೊರಗೆ ನುಗ್ಗಿ ತುಂಬಿಕೊಂಡಿರುತ್ತದೆ. ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮೀರಿದ ವೇಗ. ಬೆಲ್ಟ್ ಹಾಕಿಕೊಂಡು ಹಿಂದಕ್ಕೆ ಒರಗಿ ಕುಳಿತ, ಬೆಳೆದ ಮನುಷ್ಯನ ಎದೆಯ ಲೆಕ್ಕ ಹಿಡಿದು ಮಾಡಿದ ವಸ್ತು ಅದು. ಅಜ್ಜಿಯ ತೊಡೆಯ ಮೇಲಿರುವ ಮಗುವಿನ ಮುಖ ಅಲ್ಲಿಂದ ಒಂದು ಗೇಣು ದೂರವೂ ಇರುವುದಿಲ್ಲ. ಮೈಗೆ ಹೋಲಿಸಿದರೆ ಮಗುವಿನ ತಲೆ ಭಾರ, ಕತ್ತು ಎಳೆಯದು. ಹಿಂದೆ ಅಜ್ಜಿಯ ಮೈ, ಮುಂದೆ ಆ ಹೊಡೆತ.

2024ರ ಸೆಪ್ಟೆಂಬರಿನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಮಗು ಹೀಗೇ ಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನವಿ ಮುಂಬೈನ ವಾಶಿಯಲ್ಲಿ ಆರು ವರ್ಷದ ಹುಡುಗ. ಎರಡನ್ನೂ ಮೊಬೈಲಿನಲ್ಲಿ ತೋರಿಸಿದೆ. “ಹೊರಡುವಾಗ ಅಪಶಕುನ ನುಡಿಯಬೇಡ” ಎಂದರು.

ಇನ್ನು ಆ ಡ್ಯಾಶ್‌ಬೋರ್ಡಿನ ಗಣಪ. ಕಾರು ಕೊಟ್ಟ ದಿನ ಮಾರಾಟ ಮಳಿಗೆಯವರೇ ಅಂಟಿಸಿಕೊಟ್ಟದ್ದು, ಅಂಗೈ ಉದ್ದದ ಗಟ್ಟಿ ಲೋಹದ ಮೂರ್ತಿ, ಆ ಮುಚ್ಚಳದ ಮೇಲೆಯೇ. ಮುಚ್ಚಳ ಸಿಡಿದರೆ ವಿಘ್ನನಿವಾರಕ ಎಲ್ಲಿಗೆ ಹಾರುತ್ತಾನೆ ಎಂದು ಕೇಳಿದ್ದಕ್ಕೆ ನಾನು ನಾಸ್ತಿಕಳಾದೆ. ಬಿಸಿಲು ತಡೆಯುವ ಪಟ್ಟಿಯ ಮೇಲಿದ್ದ ಎಚ್ಚರಿಕೆಯ ಚೀಟಿಯನ್ನಂತೂ ಮೈದುನ ಮೊದಲ ವಾರವೇ ಕಿತ್ತು ಹಾಕಿದ್ದ. ನೋಡಲು ಚೆನ್ನಾಗಿರಲಿಲ್ಲವಂತೆ.

ಬಿಳಿಕೆರೆ ದಾಟಿದ ಮೇಲೆ ಮಗಳಿಗೆ ಹಾರನ್ ಹೊಡೆಯುವ ಹಟ. ಚಿಕ್ಕಪ್ಪ ಅವಳನ್ನು ಎಳೆದು ತನ್ನ ತೊಡೆಯ ಮೇಲೆ ಕೂರಿಸಿಕೊಂಡ. ಸ್ಟಿಯರಿಂಗಿನ ನಟ್ಟನಡುವೆ, ಏರ್‌ಬ್ಯಾಗ್ ಎಂದು ಇಂಗ್ಲಿಷ್ ಅಕ್ಷರ ಅಚ್ಚೊತ್ತಿದ ಜಾಗದ ಮೇಲೆ, ಅವಳ ಪುಟ್ಟ ಅಂಗೈ ಪಟಪಟ ಬಡಿಯುತ್ತಿತ್ತು. ಕೇಕೆ ಬೇರೆ. ಚಿಕ್ಕತ್ತೆ ವಿಡಿಯೊ ಮಾಡುತ್ತಿದ್ದರು. ನಾನು ಕಿರುಚಿದ ಮೇಲೆ ಅಜ್ಜಿಯ ತೊಡೆಗೆ ವಾಪಸು ಬಂದಳು. ಹಿಂದಕ್ಕೆ ಬರಲಿಲ್ಲ.

ಹಳ್ಳಿಮೈಸೂರಿನ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಬರೀ ಬ್ರೇಕ್, ಡಿಕ್ಕಿಯಾಗಲಿಲ್ಲ. ಆದ್ದರಿಂದ ಏರ್‌ಬ್ಯಾಗ್ ತೆರೆಯಲಿಲ್ಲ. ಅಷ್ಟಕ್ಕೇ ಮಗು ಅಜ್ಜಿಯ ಕೈಯಿಂದ ಜಾರಿ ಹಣೆ ಬಡಿದುಕೊಂಡಳು. ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಎಂದಿದ್ದ ಕೈ ಅದು. ಐವತ್ತರ ವೇಗದಲ್ಲಿ ಗುದ್ದುವುದೆಂದರೆ ಮೂರನೆಯ ಮಹಡಿಯಿಂದ ಬಿದ್ದ ಹಾಗೆ. ಆಗ ಯಾರ ಕೈ ಯಾರನ್ನು ಹಿಡಿದೀತು? ಗೃಹಪ್ರವೇಶದ ಮನೆ ತಲುಪಿದ ಕೂಡಲೇ ಅತ್ತೆ ಉಪ್ಪು, ಮೆಣಸಿನಕಾಯಿ ಕೇಳಿ ಪಡೆದು ದೃಷ್ಟಿ ನಿವಾಳಿಸಿದರು. ಊರ ಕಣ್ಣಂತೆ.

ರಾತ್ರಿ ಗಂಡನಿಗೆ ಕಾನೂನು ಹೇಳಿದೆ. 2019ರ ತಿದ್ದುಪಡಿಯ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. “ಯಾರಿಗಾದರೂ ಹಾಕಿದ್ದನ್ನು ನೋಡಿದ್ದೀಯಾ?” ಎಂದರು. ನೋಡಿಲ್ಲ. ಹೊಳೆನರಸೀಪುರದಲ್ಲಿ ಕೈ ಅಡ್ಡ ಹಿಡಿದ ಪೊಲೀಸರು ಮೈದುನನ ಬೆಲ್ಟ್ ನೋಡಿದರು, ಕಾಗದ ನೋಡಿದರು, ಮಗುವಿನ ಕೆನ್ನೆ ಹಿಂಡಿ ಕಳುಹಿಸಿದರು. “ಹಾಗಿದ್ದರೆ ಆ ಏರ್‌ಬ್ಯಾಗನ್ನೇ ತೆಗೆಸಿಬಿಡೋಣ” ಎಂಬುದು ನನ್ನ ಗಂಡನ ಪರಿಹಾರ. ಎಂಜಿನಿಯರ್ ಅವರು!

ನಾಳಿದ್ದು ಅರಸೀಕೆರೆಯಲ್ಲಿ ನಾಮಕರಣ. ಏಳು ಜನ, ಐದು ಸೀಟು. ಆ ಕಾರಿನಲ್ಲಿ ನಾನು ಬರುವುದಿಲ್ಲ ಎಂದು ನಿನ್ನೆಯೇ ಹೇಳಿದೆ. ಬೆಳಗ್ಗೆ ಅತ್ತೆ ಫೋನ್ ಮಾಡಿದ್ದರು. “ನೀನು ಬರದಿದ್ದರೆ ಬಿಡಮ್ಮ, ಮಗುವನ್ನಾದರೂ ಕಳುಹಿಸು. ನನ್ನ ತೊಡೆಯ ಮೇಲೆ ಕುಳಿತು ಬರುತ್ತಾಳೆ.”