ಹೆಬ್ಬೆರಳಿನ ತುದಿಯಷ್ಟು ಕೊಕ್ಕೆ, ಊರು ತುಂಬ ಉಪದೇಶ

ಈ ಮೈಸೂರಿನಲ್ಲಿ ರೇಡಿಯೋ, ಕ್ಯಾಸೆಟ್ ಎರಡೂ ಒಂದರಲ್ಲೇ ಇರುವ ಹಳೆಯ ಟೂ-ಇನ್-ಒನ್ ಸೆಟ್ಟು ಇಟ್ಟುಕೊಂಡವನಿಗೆ ಬಿಡಿಭಾಗ ಸಿಗುವುದಿಲ್ಲ. ಬುದ್ಧಿಮಾತು ಮಾತ್ರ ಕೇಳಿದಷ್ಟು ಸಿಗುತ್ತದೆ, ಕೇಳದಿದ್ದರೂ ಸಿಗುತ್ತದೆ. ನನಗೆ ಬೇಕಾಗಿರುವುದು ಒಂದು ಕೊಕ್ಕೆ. ಹೆಗಲಿಗೆ ಹಾಕಿಕೊಳ್ಳುವ ಪಟ್ಟಿಯನ್ನು ಸೆಟ್ಟಿನ ಪಕ್ಕಕ್ಕೆ ಸಿಕ್ಕಿಸುವ, ಹೆಬ್ಬೆರಳಿನ ತುದಿಯಷ್ಟು ಗಾತ್ರದ ಕಪ್ಪು ಪ್ಲಾಸ್ಟಿಕ್ ಕೊಕ್ಕೆ. ಬಲಗಡೆಯದು ಗಟ್ಟಿಯಾಗಿದೆ, ಎಡಗಡೆಯದು ಮುರಿದಿದೆ. ಉಳಿದಂತೆ ಸೆಟ್ಟಿಗೆ ಯಾವ ರೋಗವೂ ಇಲ್ಲ. ಕ್ಯಾಸೆಟ್ ತಿರುಗುತ್ತದೆ, ರೇಡಿಯೋ ಮನೆ ತುಂಬ ಕೇಳಿಸುತ್ತದೆ. ಒಂದು ಕೊಕ್ಕೆ ಕೊಡಿ ಎಂದರೆ ಸೆಟ್ಟನ್ನೇ ಬಿಸಾಡಿ ಎನ್ನುತ್ತಾರೆ. ಅಂಗಿಯ ಗುಂಡಿ ಕಿತ್ತುಹೋಗಿದೆ ಎಂದು ಹೋದವನಿಗೆ ಅಂಗಿ ಸುಡಲು ಹೇಳುವ ದರ್ಜಿಯನ್ನು ಎಲ್ಲಾದರೂ ಕಂಡಿದ್ದೀರಾ?

ಸೋದರಮಾವ 1984ರಲ್ಲಿ ಕುವೈತಿನಿಂದ ತಂದ ಜಪಾನಿ ಸೆಟ್ಟು ಇದು. ಆಗಿನ ಕಾಲದಲ್ಲಿ ಗಲ್ಫಿನಿಂದ ಬಂದವರ ಹೆಗಲಲ್ಲಿ ಇಂಥದ್ದೊಂದು ಇರಲೇಬೇಕಿತ್ತು. ಹೊರದೇಶಗಳಿಗೆಂದು ಮಾಡಿದ್ದಾದ್ದರಿಂದ ಇದರ ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ. ಜಪಾನಿನ ಒಳಗೆ ಮಾರುತ್ತಿದ್ದ ಸೆಟ್ಟುಗಳು 76ರಿಂದ 90ಕ್ಕೇ ನಿಲ್ಲುತ್ತಿದ್ದವು, ಅಂಥದ್ದನ್ನು ತಂದಿದ್ದರೆ ನಮ್ಮ ಆಕಾಶವಾಣಿಯ 100.6 ಹಿಡಿಯುತ್ತಲೇ ಇರಲಿಲ್ಲ. ಮಾವನಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ, ತಂದದ್ದು ಮಾತ್ರ ಸರಿಯಾದದ್ದನ್ನೇ.

ಕೊಕ್ಕೆ ಎಂದರೆ ಏನು ಮಹಾ ಎನ್ನುವವರಿಗಾಗಿ ಅದನ್ನು ಸ್ವಲ್ಪ ವಿವರಿಸುತ್ತೇನೆ. ಸೆಟ್ಟಿನ ಎರಡೂ ಪಕ್ಕದಲ್ಲಿ ಒಂದೊಂದು ಗುಳಿ ಇದೆ. ಗುಳಿಯಲ್ಲಿ ಅಡ್ಡಲಾಗಿ ಒಂದು ಉಕ್ಕಿನ ಕಡ್ಡಿ, 3 ಮಿಲಿಮೀಟರ್ ದಪ್ಪ. ಕೊಕ್ಕೆಯನ್ನು ಆ ಕಡ್ಡಿಯ ಮೇಲಿಟ್ಟು ಒತ್ತಿದರೆ ಒಳಗಿನ ಸಣ್ಣ ನಾಲಿಗೆ ಹಿಂದಕ್ಕೆ ಬಾಗಿ ಜಾಗ ಬಿಟ್ಟು, ಕಡ್ಡಿ ಒಳಗೆ ಸೇರಿದ ಮೇಲೆ ಟಕ್ ಎಂದು ಮತ್ತೆ ಮುಚ್ಚಿಕೊಳ್ಳುತ್ತದೆ. ಸೆಟ್ಟನ್ನು ಹೆಗಲಿಗೇರಿಸಿ ನಡೆಯುವಾಗ ಕೊಕ್ಕೆ ಕಡ್ಡಿಯ ಸುತ್ತ ಸಲೀಸಾಗಿ ತಿರುಗುತ್ತಿರಬೇಕು. ತಿರುಗದಿದ್ದರೆ ಎಳೆತವೆಲ್ಲ ಸೆಟ್ಟಿನ ಮೈಮೇಲೆ ಬಿದ್ದು ಅಲ್ಲಿಯೇ ಬಿರುಕು ಬಿಡುತ್ತದೆ. ಕೊಕ್ಕೆ ಮುರಿದಿರುವುದು ಅದರ ಒಳಬಾಗಿನಲ್ಲಿ. ಆ ಬಾಗು ಚೂಪಾಗಿದೆ, ಭಾರ ಪೂರ್ತಿ ಅಲ್ಲಿಯೇ ಕೂಡಿಕೊಳ್ಳುತ್ತದೆ. ಅಚ್ಚು ಮಾಡಿದವರು ಆ ಮೂಲೆಯನ್ನು ಒಂದಿಷ್ಟು ದುಂಡಗೆ ಮಾಡಿದ್ದರೆ ನಾನು ಈ ವಯಸ್ಸಿನಲ್ಲಿ ಬೀದಿ ಬೀದಿ ಅಲೆಯಬೇಕಾಗಿರಲಿಲ್ಲ.

ಮೊದಲು ಬರುವ ಉಪದೇಶ: "ಹಿಡಿಕೆ ಇದೆಯಲ್ಲ ಸಾರ್, ಹಿಡಿಕೆ ಹಿಡಿದು ಎತ್ತಿಕೊಳ್ಳಿ." ಹಿಡಿಕೆ ಇರುವುದು ನನಗೆ ನಲವತ್ತು ವರ್ಷಗಳಿಂದ ಗೊತ್ತು. ನಮ್ಮ ಮನೆಯ ತಾರಸಿಗೆ ಹೋಗುವ ಮೆಟ್ಟಿಲು ಕಡಿದಾಗಿದೆ, ನನ್ನ ಎಡ ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಒಂದು ಕೈ ಕಂಬಿಗೆ ಬೇಕೇ ಬೇಕು. ಇನ್ನೊಂದು ಕೈಯಲ್ಲಿ ಕಾಫಿ ಲೋಟ ಇರುತ್ತದೆ, ಅದನ್ನು ಬಿಡಲಾರೆ. ಸೆಟ್ಟಿಗೆ ಹಾಕುವುದು ಎಂಟು ದೊಡ್ಡ ಸೆಲ್, ಒಂದೂವರೆ ವೋಲ್ಟಿನಂತೆ ಒಟ್ಟು ಹನ್ನೆರಡು ವೋಲ್ಟು. ಒಂದೊಂದು ಸೆಲ್ಲು ಹೆಚ್ಚುಕಡಿಮೆ ನೂರು ಗ್ರಾಂ ತೂಗುತ್ತದೆ. ಖಾಲಿ ಸೆಟ್ಟಿನ ತೂಕದ ಮೇಲೆ ಇದೊಂದು ಮುಕ್ಕಾಲು ಕಿಲೋಗೂ ಮಿಕ್ಕಿದ ಭಾರ. ಹೆಗಲಿಗೆ ಪಟ್ಟಿ ಇದ್ದರೆ ಮಾತ್ರ ಇದು ಮೇಲೇರುತ್ತದೆ. ಇಷ್ಟೆಲ್ಲವನ್ನು ಪ್ರತಿ ಅಂಗಡಿಯ ಕಟ್ಟೆಯ ಮುಂದೆ ನಿಂತು ಹೇಳಿಕೊಳ್ಳಬೇಕೇ? ವಸ್ತು ನನ್ನದು, ಮಂಡಿ ನನ್ನದು, ದುಡ್ಡೂ ನನ್ನದು. ಕಾರಣ ಕೇಳಲು ನೀವು ಯಾರು?

ಅಂಗಡಿಯವರ ಪುರಾಣಕ್ಕೆ ಬರುತ್ತೇನೆ. ಶಿವರಾಂಪೇಟೆಯ ಕಡೆ ಒಬ್ಬ ಮಹಾಶಯರು ಸೆಟ್ಟನ್ನು ಕಣ್ಣೆತ್ತಿಯೂ ನೋಡದೆ, ಮೊಬೈಲಿನಲ್ಲಿ ಮುಳುಗಿಕೊಂಡೇ, "ಈಗ ಇದನ್ನೆಲ್ಲ ಯಾರು ಇಟ್ಟುಕೊಳ್ಳುತ್ತಾರೆ ಯಜಮಾನರೇ?" ಎಂದರು. ನಾನು ಇಟ್ಟುಕೊಂಡಿದ್ದೇನೆ, ಅದಕ್ಕೇ ನಿಮ್ಮ ಮುಂದೆ ನಿಂತಿದ್ದೇನೆ ಎಂದೆ. ಅವರು ಶೆಲ್ಫಿನತ್ತ ಗಲ್ಲ ತೋರಿಸಿದರು. ಅಲ್ಲಿ ಬ್ಲೂಟೂತ್ ಸ್ಪೀಕರುಗಳು ಸಾಲಾಗಿ ಕುಳಿತಿದ್ದವು. ಒಂದನ್ನು ತೆಗೆದು ಅದರ ಬ್ಯಾಟರಿ ಹೋದರೆ ಬದಲಾಯಿಸಿಕೊಡುತ್ತೀರಾ ಎಂದು ಕೇಳಿದೆ. "ಹೊಸದು ತೆಗೆದುಕೊಳ್ಳಬೇಕು ಸಾರ್" ಎಂಬ ಉತ್ತರ ಕ್ಷಣವೂ ತಡವಾಗದೆ ಬಂತು. ಬೋರ್ಡಿನಲ್ಲಿ ಮಾತ್ರ 'ಸೇಲ್ಸ್ ಅಂಡ್ ಸರ್ವಿಸ್' ಎಂದು ಬರೆದಿದೆ. ಸರ್ವಿಸ್ ಎಂಬ ಪದಕ್ಕೆ ಬಣ್ಣ ಬಳಿದು ಮುಚ್ಚಲು ಎಷ್ಟು ಖರ್ಚಾಗುತ್ತದೆ ಹೇಳಿ, ನಾನೇ ಕೊಡುತ್ತೇನೆ.

ಇವರಾದರೂ ವಾಸಿ, ಮುಟ್ಟಲಿಲ್ಲ. ಮುಟ್ಟಿದವನ ಕಥೆ ಕೇಳಿ. ಇನ್ನೊಂದು ಅಂಗಡಿಯಲ್ಲಿ "ಐದೇ ನಿಮಿಷ" ಎಂದವನು ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಸೂಪರ್ ಗ್ಲೂ ಟ್ಯೂಬಿನ ಮೂತಿ ಕತ್ತರಿಸಿ ಸುರಿದೇಬಿಟ್ಟ. ಕೊಕ್ಕೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಅಂಟಿಸುವ ವ್ಯವಧಾನವೂ ಇರಲಿಲ್ಲ. ಸೆಟ್ಟಿನಲ್ಲಿ ಹಾಗೆಯೇ ಸಿಕ್ಕಿಕೊಂಡಿದ್ದಾಗಲೇ ಅಂಟು ಹಾಕಿದ. ಆದದ್ದೇನು? ಮುರಿದ ತುಂಡು ಅಂಟಲಿಲ್ಲ. ಕೊಕ್ಕೆಯ ಉಳಿದರ್ಧ ಮಾತ್ರ ಉಕ್ಕಿನ ಕಡ್ಡಿಗೆ ಭದ್ರವಾಗಿ ಅಂಟಿಕೊಂಡು ತಿರುಗುವುದನ್ನೇ ನಿಲ್ಲಿಸಿತು. ಅಂಟಿನ ಆವಿ ಸುತ್ತಲಿನ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕೂತು ಅಂಗೈಯಗಲ ಬೆಳ್ಳಗಾಯಿತು. ಇದಕ್ಕೆ ನೂರೈವತ್ತು ರೂಪಾಯಿ. ಬೆಳ್ಳಗಾಗಿದೆಯಲ್ಲಪ್ಪ ಎಂದರೆ "ಒರೆಸಿದರೆ ಹೋಗುತ್ತದೆ" ಎಂದ. ಇವತ್ತಿಗೂ ಹೋಗಿಲ್ಲ.

ಇಂಥ ಕೊಕ್ಕೆಗಳನ್ನು ಸಾಮಾನ್ಯವಾಗಿ ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಅಥವಾ ನೈಲಾನಿನಲ್ಲಿ ಮಾಡುತ್ತಾರೆ. ಬಾಗಿದರೂ ಮುರಿಯಬಾರದು, ಉಜ್ಜಿದರೂ ಸವೆಯಬಾರದು ಎಂಬುದು ಉದ್ದೇಶ. ಅಸಿಟಾಲಿನ ಮೈ ಮೇಣದಷ್ಟು ನುಣುಪು, ಯಾವ ಅಂಟೂ ಅದನ್ನು ಸರಿಯಾಗಿ ಕಚ್ಚುವುದಿಲ್ಲ. ಸೂಪರ್ ಗ್ಲೂ ಒಣಗಿದ ಮೇಲೆ ಪೆಡಸಾಗುವ ಜಾತಿಯದು. ನೇರ ಎಳೆತವನ್ನು ತಡೆಯುತ್ತದೆ, ಜಗ್ಗಾಟವನ್ನು ತಡೆಯುವುದಿಲ್ಲ. ಹೆಗಲ ಮೇಲಿನ ಸೆಟ್ಟು ಹೆಜ್ಜೆಹೆಜ್ಜೆಗೂ ಜಗ್ಗುತ್ತದೆ. ಅರಾಲ್ಡೈಟಿನಂಥ, ಎರಡು ಟ್ಯೂಬು ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ಅದಕ್ಕಿಂತ ಮೇಲು, ಆದರೆ ಬೆಂಕಿಕಡ್ಡಿಯ ದಪ್ಪದ ಬಾಗಿನಲ್ಲಿ ಅದು ಹಿಡಿದುಕೊಳ್ಳಲು ಜಾಗವೆಲ್ಲಿದೆ? ಇದನ್ನೆಲ್ಲ ತಿಳಿದುಕೊಳ್ಳಬೇಕಾದವನು ರಿಪೇರಿಯವನು. ನಾನು ತಿಳಿದುಕೊಂಡೆ, ಅವನು ದುಡ್ಡು ತೆಗೆದುಕೊಂಡ.

ಆ ಅಂಟನ್ನು ಬಿಡಿಸುವ ಪಾಡು ನನ್ನ ಶತ್ರುವಿಗೂ ಬೇಡ. ಸೂಪರ್ ಗ್ಲೂ ಕರಗಿಸಲು ಅಸಿಟೋನ್ ಬೇಕು, ಹೆಂಗಸರು ಉಗುರುಬಣ್ಣ ತೆಗೆಯಲು ಬಳಸುವ ದ್ರವದಲ್ಲಿ ಹೆಚ್ಚಾಗಿ ಇರುವುದು ಅದೇ. ಆದರೆ ಆ ಕಾಲದ ಸೆಟ್ಟುಗಳ ಮೈ ಎಬಿಎಸ್ ಅಥವಾ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನದು. ಅಸಿಟೋನ್ ಮುಟ್ಟಿದರೆ ಅಂಟಿನ ಜೊತೆಗೆ ಸೆಟ್ಟಿನ ಮೈಯೂ ಕರಗುತ್ತದೆ. ಹಾಗಾಗಿ ಬ್ಲೇಡಿನ ಮೂಲೆ, ಹೊಲಿಗೆ ಸೂಜಿ, ಭೂತಗನ್ನಡಿ ಹಿಡಿದುಕೊಂಡು ಕಡ್ಡಿಯ ಸುತ್ತ ಇಷ್ಟಿಷ್ಟೇ ಹೆರೆಯುತ್ತ ಕೂತೆ. ಐದೇ ನಿಮಿಷ ಎಂದಿದ್ದನಲ್ಲ, ಅವನನ್ನು ಆ ಹೊತ್ತಿನಲ್ಲಿ ಎಷ್ಟು ಬಗೆಯಲ್ಲಿ ನೆನೆಸಿಕೊಂಡೆ ಎಂಬುದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಲೋಹ ಕಡೆಯುವ ಲೇತ್ ಯಂತ್ರ ಇಟ್ಟುಕೊಂಡವರನ್ನು ಕೇಳಲು ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೂ ಹೋದೆ. ಹಿತ್ತಾಳೆಯಲ್ಲಿ ಮಾಡಿಕೊಡಬಹುದು, ಆದರೆ ಕಡಿಮೆಯೆಂದರೆ ಐವತ್ತು ಕೊಕ್ಕೆ ಮಾಡಿಸಬೇಕು ಎಂದರು. ನನಗಿರುವುದು ಒಂದು ಹೆಗಲು.

ದೇವರಾಜ ಮಾರುಕಟ್ಟೆಯ ಹತ್ತಿರ ಫುಟ್‌ಪಾತಿನಲ್ಲಿ ಬ್ಯಾಗು, ಚಪ್ಪಲಿ ಹೊಲಿಯುವವರೊಬ್ಬರಿದ್ದಾರೆ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಮಾತೇ ಆಡದೆ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ದಬ್ಬಣದ ತುದಿಯಿಂದ ಕಡ್ಡಿಯ ಹಿಂದಿನ ಸಂದನ್ನು ಅಳೆದರು. ತಮ್ಮ ಡಬ್ಬಿಯಲ್ಲಿದ್ದ ಕಬ್ಬಿಣದ ಕೊಕ್ಕೆಗಳನ್ನು, ಬ್ಯಾಗಿನವು, ನಾಯಿ ಸರಪಳಿಯವು, ಒಂದೊಂದಾಗಿ ಇಟ್ಟು ನೋಡಿದರು. ಸಂದು 5 ಮಿಲಿಮೀಟರ್ ಮಾತ್ರ, ಒಂದೂ ತೂರಲಿಲ್ಲ. "ತೂರಿದರೂ ಹಾಕಬೇಡಿ ಸ್ವಾಮಿ, ಕಬ್ಬಿಣ ಮುರಿಯುವುದಿಲ್ಲ, ನಿಮ್ಮ ಡಬ್ಬವೇ ಮುರಿಯುತ್ತದೆ" ಎಂದರು. ಎಂಥ ಮಾತು! ದುರ್ಬಲವಾದದ್ದು ಕೊಕ್ಕೆಯೇ ಆಗಿರಬೇಕು, ಸೆಟ್ಟಿನ ಮೈ ಆಗಿರಬಾರದು ಎಂಬ ಲೆಕ್ಕ ರಸ್ತೆಬದಿಯಲ್ಲಿ ಕೂತವರಿಗೆ ಗೊತ್ತು, ಗಾಜಿನ ಬಾಗಿಲ ಹಿಂದೆ ಕೂತವರಿಗೆ ಗೊತ್ತಿಲ್ಲ. ಪಟ್ಟಿಯ ಬಿಟ್ಟುಹೋಗಿದ್ದ ಹೊಲಿಗೆಯನ್ನು ಮೇಣ ಹಚ್ಚಿದ ದಾರದಲ್ಲಿ ಹಾಕಿಕೊಟ್ಟು, ಕೊಕ್ಕೆ ಆಗಲಿಲ್ಲವೆಂದು ದುಡ್ಡು ಬೇಡವೆಂದರು. ಬಲವಂತವಾಗಿ ಕೊಟ್ಟುಬಂದೆ.

ನಮ್ಮ ಬೀದಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ತ್ರೀಡಿ ಪ್ರಿಂಟಿನಲ್ಲಿ ಮಾಡಿಕೊಡುತ್ತೇನೆ ಅಂಕಲ್ ಎಂದ. ಅದಕ್ಕೂ ಮೊದಲು ಒಂದು ಪ್ರಿಂಟಿಂಗ್ ಅಂಗಡಿಗೆ ಹೋದರೆ "ಫೈಲ್ ತನ್ನಿ" ಎಂದಿದ್ದರು, ಕೊಕ್ಕೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು ತನ್ನಿ ಎಂದರ್ಥ. ಕೈಯಲ್ಲಿ ಗಟ್ಟಿ ಕೊಕ್ಕೆ ಹಿಡಿದು ನಿಂತವನನ್ನು ಫೈಲ್ ಕೇಳುತ್ತಾರೆ! ಹುಡುಗ ಹಾಗೆ ಮಾಡಲಿಲ್ಲ. ಬಲಗಡೆಯ ಕೊಕ್ಕೆಯನ್ನು ಬಿಚ್ಚಿ, ಅಳೆದು, ತಾನೇ ಚಿತ್ರ ಬರೆದ. ಮೊದಲು ಮಾಡಿದ್ದು ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ, ನಿಲ್ಲಿಸಿ ಅಚ್ಚು ಹಾಕಿದ್ದು. ಪದರದ ಮೇಲೆ ಪದರ ಕೂರುವ ಆ ಕೆಲಸದಲ್ಲಿ ಪದರಗಳ ನಡುವಿನ ಹಿಡಿತವೇ ಬಡಕಲು, ಎಳೆದ ಕೂಡಲೇ ಅಲ್ಲಿಯೇ ಸೀಳಿತು. ಮಲಗಿಸಿ ಅಚ್ಚು ಹಾಕಿದರೆ ಪದರಗಳು ಕೊಕ್ಕೆಯ ಬಾಗಿನ ಗುಂಟ ಓಡುತ್ತವೆ, ಗಟ್ಟಿ ಬರುತ್ತದೆ. ಹಾಗೂ ಮಾಡಿದ, ಪರವಾಗಿಲ್ಲ. ಆದರೆ ನಾಲಿಗೆ ಒತ್ತಿದಾಗ ಬಾಗುವುದಿಲ್ಲ, ಪಿಎಲ್‌ಎಗೆ ಆ ಗುಣ ಇಲ್ಲ. ಮೇಲಾಗಿ ಅದು 60 ಡಿಗ್ರಿಯ ಆಸುಪಾಸಿಗೆ ಮೆತ್ತಗಾಗುತ್ತದೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದರ ಗತಿ ಮುಗಿದಂತೆ. ನೈಲಾನಿನಲ್ಲಿ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾನೆ. ಕಾಲೇಜಿನ ಯಂತ್ರಕ್ಕೆ ನೈಲಾನ್ ಹಾಕಲು ಬಿಡುವುದಿಲ್ಲವಂತೆ. ಯಾಕಂತೆ? ರೂಢಿಯಿಲ್ಲವಂತೆ. ಕಾಲೇಜು ಇರುವುದೇ ರೂಢಿಯಿಲ್ಲದ್ದನ್ನು ಕಲಿಸಲು ಎಂದು ನಾನು ತಿಳಿದುಕೊಂಡಿದ್ದೆ.

ಆನ್‌ಲೈನಿನಲ್ಲಿ ಸಿಗುವುದಿಲ್ಲವೇ ಎನ್ನುತ್ತೀರಿ. ಸಿಗುತ್ತದೆ. ಹಳೆಯ ಸೆಟ್ಟುಗಳನ್ನು ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಎತ್ತಿ, ಅಂಗಾಂಗ ಬಿಡಿಸಿ, 'ವಿಂಟೇಜ್, ಅಪರೂಪ' ಎಂದು ಮಾರುವವರ ಒಂದು ದಂಡೇ ಇದೆ. ಕೊಕ್ಕೆ ಸಮೇತ ಪಟ್ಟಿಗೆ ಒಬ್ಬ ನಾಲ್ಕು ಸಾವಿರ ಹೇಳಿದ, ಅಂಚೆ ಖರ್ಚು ಬೇರೆ. ಮೂಗಿಗಿಂತ ಮೂಗುತಿ ಭಾರ. ಇವರ ಗಿರಾಕಿಗಳು ಯಾರೆಂದು ನೋಡಬೇಕೆಂದರೆ ಗೋಕುಲಂ ಕಡೆ ಕಾಫಿ ಕುಡಿಯಲು ಹೋಗಿ. ಒಂದು ಕೆಫೆಯ ಗೋಡೆಗೆ ನನ್ನ ಸೆಟ್ಟಿನ ಅಣ್ಣತಮ್ಮನಂಥದ್ದನ್ನು ಮೊಳೆ ಹೊಡೆದು ನೇತುಹಾಕಿದ್ದಾರೆ. ಕರುಳೆಲ್ಲ ತೆಗೆದು ಒಳಗೆ ಬಣ್ಣದ ದೀಪ ಇಟ್ಟಿದ್ದಾರೆ. ಎರಡೂ ಕೊಕ್ಕೆಗಳು ಹೊಚ್ಚಹೊಸದರಂತೆ ಫಳಫಳ ಹೊಳೆಯುತ್ತಿವೆ! ಒಂದನ್ನು ಕೊಡಿ, ಅದರ ಜಾಗದಲ್ಲಿ ಮುರಿದದ್ದನ್ನು ಸಿಕ್ಕಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಕೈಮುಗಿದು ಕೇಳಿದೆ. ಅದು ಅಲಂಕಾರಕ್ಕೆ ಇಟ್ಟಿರುವುದು, ಮುಟ್ಟಬಾರದು ಎಂದರು. ಕೆಲಸ ಮಾಡುವ ಸೆಟ್ಟಿಗೆ ಕೊಕ್ಕೆ ಇಲ್ಲ, ಸತ್ತ ಸೆಟ್ಟಿಗೆ ಎರಡಿವೆ. ಆ ಕಾಫಿಗೆ ಇನ್ನೂರು ರೂಪಾಯಿ ತೆತ್ತದ್ದು ಬೇರೆ ಹೊಟ್ಟೆಯುರಿ.

ದುರಸ್ತಿಯ ಹಕ್ಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಒಂದು ಜಾಲತಾಣವನ್ನೇ ತೆರೆಯಿತು. ಮೊಬೈಲು, ವಾಹನ, ಗೃಹೋಪಯೋಗಿ ವಸ್ತು, ಕೃಷಿ ಯಂತ್ರ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಒಳ್ಳೆಯದೇ. ನನ್ನ ಸೆಟ್ಟು ಹುಟ್ಟಿದ್ದು ಅದಕ್ಕಿಂತ ಬಹಳ ಮೊದಲು, ನನಗೆ ಆ ಹಕ್ಕು ತಗಲುವುದಿಲ್ಲ.

ನಿಜವಾಗಿ ಮೈ ಉರಿಯುವುದು ಈ ಊರನ್ನು ನೆನೆದಾಗ. ಯಾದವಗಿರಿಯ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಇಂದಿಗೂ ಆ ಬೈಕಿನ ಬಿಡಿಭಾಗ ಬೇಕೆಂದರೆ ಹುಡುಕಿಕೊಡುವವರು ಇಲ್ಲಿದ್ದಾರೆ, ಸಿಗದಿದ್ದರೆ ಮಾಡಿಕೊಡುವವರೂ ಇದ್ದಾರೆ. ಕಾರ್ಬೊರೇಟರ್ ಬಿಚ್ಚಿ ಕೂತ ಮೇಸ್ತ್ರಿಗೆ "ಇದನ್ನೆಲ್ಲ ಯಾರು ಇಟ್ಟುಕೊಳ್ಳುತ್ತಾರೆ" ಎಂದು ಯಾರಾದರೂ ಹೇಳಲಿ ನೋಡೋಣ, ಸ್ಪ್ಯಾನರ್ ತೆಗೆದುಕೊಂಡು ಅಟ್ಟಿಸಿಕೊಂಡು ಬರುತ್ತಾರೆ. ಇನ್ನು ರೇಡಿಯೋ ಎಂದರೆ ಈ ಊರಿಗೆ ಹೊಸದೇ? ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಒಂಟಿಕೊಪ್ಪಲಿನ ಮನೆಯಿಂದಲೇ ಪ್ರಸಾರ ಶುರುಮಾಡಿದರು. ದೇಶಕ್ಕೆಲ್ಲ 'ಆಕಾಶವಾಣಿ' ಎಂಬ ಹೆಸರು ಹೋದದ್ದು ಇಲ್ಲಿಂದ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವ ಮೇಷ್ಟ್ರೊಬ್ಬರು ಮನೆಯಲ್ಲಿ ರೇಡಿಯೋ ನಿಲಯ ಕಟ್ಟಿದ ಊರಿನಲ್ಲಿ ಒಂದು ಪ್ಲಾಸ್ಟಿಕ್ ಕೊಕ್ಕೆ ಮಾಡಿಕೊಡುವವರಿಲ್ಲ ಎಂದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಅದಕ್ಕೇ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆ ಯಾರ ಅಟ್ಟದ ಮೇಲಾದರೂ ಕೆಟ್ಟು ಕೂತ ಎಂಬತ್ತರ ದಶಕದ ಸೆಟ್ಟಿದ್ದರೆ ದಯವಿಟ್ಟು ಪಕ್ಕದ ಕೊಕ್ಕೆಯನ್ನೊಮ್ಮೆ ನೋಡಿ. ಪಟ್ಟಿಯ ಅಗಲ 25 ಮಿಲಿಮೀಟರ್, ಕಡ್ಡಿ 3, ಹಿಂದಿನ ಸಂದು 5. ಇಷ್ಟು ಹೊಂದಿದರೆ ಯಾವ ಕಂಪನಿಯದಾದರೂ ಆದೀತು, ಕಪ್ಪೇ ಆಗಬೇಕೆಂದೂ ಇಲ್ಲ. ಬೆಲೆ ನೀವೇ ಹೇಳಿ, ಚೌಕಾಸಿ ಮಾಡುವುದಿಲ್ಲ, ಮಂಡ್ಯದವರೆಗಾದರೆ ಬಸ್ಸು ಹತ್ತಿ ನಾನೇ ಬರುತ್ತೇನೆ. ಅಂಟಿಸಿದ ಕೊಕ್ಕೆ ಬೇಡ. ಬ್ಲೂಟೂತ್ ಸ್ಪೀಕರ್ ತೆಗೆದುಕೊಳ್ಳಿ ಎಂದು ಬರೆಯುವವರು ತಮ್ಮ ಸ್ಪೀಕರಿನ ಬ್ಯಾಟರಿ ಎಲ್ಲಿ ಬದಲಾಯಿಸಿಕೊಡುತ್ತಾರೆ ಎಂಬ ವಿಳಾಸವನ್ನೂ ಜೊತೆಗೇ ಬರೆಯಿರಿ.