ಟೋಪಿ ಜಾರಿದಾಗ ಮಲೀನಾಳನ್ನು ನೋಡಿ

ನಿನ್ನೆ ರಾತ್ರಿ 'ಆಲಿಸ್ ಆಡಮ್ಸ್' ಸಿನಿಮಾದ ಊಟದ ದೃಶ್ಯವನ್ನು ಮತ್ತೆ ಹಾಕಿಕೊಂಡು ಕೂತಿದ್ದೆ. 1935ರ ಚಿತ್ರ, ಕ್ಯಾಥರೀನ್ ಹೆಪ್‌ಬರ್ನ್ ನಾಯಕಿ. ಕೈಯಲ್ಲಿ ಕಾಸಿಲ್ಲದ ಮನೆಯವರು ಮಗಳನ್ನು ಮೆಚ್ಚಿದ ಸಿರಿವಂತ ಹುಡುಗನನ್ನು ಊಟಕ್ಕೆ ಕರೆದಿದ್ದಾರೆ. ಮೈಯೆಲ್ಲ ಬೆವರುವ ಸೆಕೆ. ಅಂಥ ಸೆಕೆಯಲ್ಲಿ ಹೊಗೆಯಾಡುವ ಬಿಸಿ ಅಡುಗೆ. ನಮ್ಮ ಮನೆಯಲ್ಲೂ ಆಳುಕಾಳು ಇದ್ದಾರೆ ಅಂತ ತೋರಿಸಿಕೊಳ್ಳಲು ಆ ಒಂದು ಸಂಜೆಯ ಮಟ್ಟಿಗೆ ಮಲೀನಾ ಎಂಬ ಕೆಲಸದವಳನ್ನು ಗೊತ್ತು ಮಾಡಿದ್ದಾರೆ. ಮಲೀನಾ ಚೂಯಿಂಗ್ ಗಮ್ ಜಗಿಯುತ್ತ, ಯಾವ ಅವಸರವೂ ಇಲ್ಲದೆ ಬರುತ್ತಾಳೆ, ಹೋಗುತ್ತಾಳೆ. ತಲೆಯ ಮೇಲಿನ ಲೇಸಿನ ಟೋಪಿ ಜಾರುತ್ತದೆ. ಅವಳ ಮಾತು ಬೆರಳೆಣಿಕೆಯಷ್ಟು. ಆದರೆ ಆ ಮನೆಯವರ ಸೋಗೆಲ್ಲ ಕಳಚಿ ಬೀಳುವುದು ಅವಳ ನಡಿಗೆಯೊಂದರಿಂದಲೇ.

ಆ ಮಲೀನಾ, ಹ್ಯಾಟಿ ಮ್ಯಾಕ್‌ಡೇನಿಯಲ್. ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಅಂತ ಒಂದು ಸಾಲಿನಲ್ಲಿ ಅವಳ ಕತೆ ಮುಗಿಸಿಬಿಡುತ್ತಾರೆ. ಇಲ್ಲವೇ, ಜೀವನವಿಡೀ ಕೆಲಸದವಳ ಪಾತ್ರ ಮಾಡಿ ಬಿಳಿಯರನ್ನು ನಗಿಸಿದವಳು ಅಂತ ಪಕ್ಕಕ್ಕೆ ಸರಿಸುತ್ತಾರೆ. ಎರಡನ್ನು ಕೇಳಿದಾಗಲೂ ನನಗೆ ಹೊಟ್ಟೆ ಉರಿಯುತ್ತದೆ. ಎರಡರಲ್ಲೂ ಅವಳ ಕಸುಬಿನ ಮಾತೇ ಇಲ್ಲ. ಸಿನಿಮಾಕ್ಕೆ ಬರುವ ಹೊತ್ತಿಗೆ ಅವಳಿಗೆ ನಲವತ್ತರ ಹತ್ತಿರ. ಅಷ್ಟರಲ್ಲಿ ಇಪ್ಪತ್ತು ವರ್ಷ ವೇದಿಕೆಯಲ್ಲಿ ಸವೆದಿದ್ದಳು.

ಹುಟ್ಟಿದ್ದು 1893ರಲ್ಲಿ, ಅಮೆರಿಕದ ಕಾನ್ಸಾಸ್‌ನ ವಿಚಿಟಾದಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವಳು. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಅಪ್ಪ ಅಂತರ್ಯುದ್ಧದಲ್ಲಿ ಹೋರಾಡಿದ ಸಿಪಾಯಿ. ಬೆಳೆದದ್ದು ಡೆನ್ವರ್‌ನಲ್ಲಿ. ಅಣ್ಣ ಓಟಿಸ್‌ನ ತಂಡದಲ್ಲಿ ಹಾಡು, ಕುಣಿತ, ಹಾಸ್ಯ ಎಲ್ಲ ಕಲಿತಳು. ಆಮೇಲೆ, 1914ರ ಸುಮಾರಿಗೆ, ಅಕ್ಕ ಎಟ್ಟಾಳನ್ನು ಸೇರಿಸಿಕೊಂಡು ಬರೀ ಹೆಂಗಸರದೇ ಒಂದು ಮಿನ್‌ಸ್ಟ್ರೆಲ್ ತಂಡ ಕಟ್ಟಿದಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಿನ್‌ಸ್ಟ್ರೆಲ್ ಅಂದರೆ ಮೂಲದಲ್ಲಿ ಬಿಳಿಯರು ಮುಖಕ್ಕೆ ಸುಟ್ಟ ಬೆಂಡಿನ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದ ಆಟ. ಯಜಮಾನರ ಮಕ್ಕಳನ್ನು ತನ್ನ ಮಕ್ಕಳಿಗಿಂತ ಹೆಚ್ಚು ಪ್ರೀತಿಸುವ, ಗುಲಾಮಗಿರಿಯಲ್ಲೇ ಸುಖ ಕಾಣುವ ದಪ್ಪನೆಯ 'ಮ್ಯಾಮಿ' ಆ ಆಟದ ಸೃಷ್ಟಿಗಳಲ್ಲೊಂದು. ಹ್ಯಾಟಿ ಡೆನ್ವರ್‌ನಲ್ಲಿ ತನ್ನದೇ ಜನರ ಮುಂದೆ ನಿಂತು ಆ ಮ್ಯಾಮಿಯನ್ನೇ ಗೇಲಿ ಮಾಡಿದಳು. ಅಣಕವನ್ನೇ ಅಣಕಿಸಿದಳು. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮುಂದೆ ಜಗತ್ತು ಅವಳನ್ನು ಗುರುತಿಸಿದ್ದು ಯಾವ ಪಾತ್ರದಿಂದ ಅಂತ ನಿಮಗೆ ಗೊತ್ತಲ್ಲ.

ಇಪ್ಪತ್ತರ ದಶಕ ಪೂರ್ತಿ ವಾಡ್‌ವಿಲ್. ಒಂದೇ ಸಂಜೆಯಲ್ಲಿ ಹಾಡುವವರು, ಕುಣಿಯುವವರು, ಚೆಂಡು ಎಸೆದು ಹಿಡಿಯುವವರು, ನಗಿಸುವವರು. ಒಬ್ಬೊಬ್ಬರಿಗೆ ಹತ್ತೋ ಹದಿನೈದೋ ನಿಮಿಷ. ಅಷ್ಟರೊಳಗೆ ಜನರನ್ನು ಹಿಡಿಯಬೇಕು, ಇಲ್ಲದಿದ್ದರೆ ಮುಂದಿನ ಊರಿಗೆ ಕರೆ ಬರುವುದಿಲ್ಲ. ಜಾರ್ಜ್ ಮಾರಿಸನ್‌ನ ವಾದ್ಯತಂಡದ ಜೊತೆ ಹಾಡುತ್ತ ಊರೂರು ತಿರುಗಿದಳು, ಡೆನ್ವರ್ ರೇಡಿಯೋದಲ್ಲಿ ಹಾಡಿದಳು. 1926ರಿಂದ 1929ರ ನಡುವೆ ಬ್ಲೂಸ್ ಹಾಡುಗಳ ಗ್ರಾಮಾಫೋನ್ ತಟ್ಟೆಗಳನ್ನೂ ತಂದಳು. ಅದರಲ್ಲಿ ಕೆಲವು ಅವಳೇ ಬರೆದ ಹಾಡುಗಳು.

1929ರಲ್ಲಿ ಷೇರು ಮಾರುಕಟ್ಟೆ ಕುಸಿಯಿತು, ಕೆಲಸ ಹೋಯಿತು. ಮಿಲ್ವಾಕಿ ಬಳಿಯ ಒಂದು ಕ್ಲಬ್ಬಿನಲ್ಲಿ ಹೆಂಗಸರ ಶೌಚಾಲಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿಕೊಂಡಳು. ಕೊನೆಗೆ ಅದೇ ಕ್ಲಬ್ಬಿನ ವೇದಿಕೆ ಹತ್ತಿ ಹಾಡಿದಳು. 1931ರಲ್ಲಿ ಲಾಸ್ ಏಂಜಲೀಸ್. ರೇಡಿಯೋದಲ್ಲಿ ಹೆಸರು ಮಾಡಿದರೂ ಸಂಬಳ ಸಾಲದೆ ನಿಜವಾಗಿಯೂ ಮನೆಗೆಲಸ ಮಾಡಿದಳು. ಆಮೇಲೆ ಸಿನಿಮಾ, ಬಂದದ್ದೆಲ್ಲ ಕೆಲಸದವಳ ಪಾತ್ರಗಳೇ, ಬಹಳಷ್ಟರಲ್ಲಿ ಹೆಸರು ಕೂಡ ಹಾಕಲಿಲ್ಲ.

ಅವಳು ಮ್ಯಾಮಿಯ ಪಾತ್ರ ಮಾಡಿ ಆಸ್ಕರ್ ಗೆದ್ದ 'ಗಾನ್ ವಿತ್ ದ ವಿಂಡ್' ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗುಲಾಮಗಿರಿಯನ್ನು ಚೆಂದದ ಹಳೆಯ ಕಾಲ ಅಂತ ತೋರಿಸಿದ ಚಿತ್ರ ಅದು. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ವಾಲ್ಟರ್ ವೈಟ್ ಇಂಥ ಪಾತ್ರಗಳ ವಿರುದ್ಧ ಎತ್ತಿದ ದನಿ ನ್ಯಾಯವಾದದ್ದೇ. ಆದರೆ ಆ ಸಿಟ್ಟಿನ ದೊಡ್ಡ ಪಾಲು ಹ್ಯಾಟಿಯ ತಲೆಗೆ ಬಿದ್ದದ್ದು ನ್ಯಾಯವಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಾತ್ರ ಬರೆದವಳು ಅವಳಲ್ಲ, ಹಣ ಹಾಕಿದವಳೂ ಅವಳಲ್ಲ. 1939ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಅವಳು ಹೋಗುವ ಹಾಗೇ ಇರಲಿಲ್ಲ. ಜಾರ್ಜಿಯಾದ ವರ್ಣಭೇದದ ಕಾನೂನು ಅಡ್ಡ ಬಂತು. 1940ರ ಫೆಬ್ರವರಿ 29ರಂದು ಆಸ್ಕರ್ ಪ್ರಶಸ್ತಿ ಕೊಟ್ಟ ಹೋಟೆಲ್ಲಿನೊಳಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ನಿರ್ಮಾಪಕರು ಹೇಳಿಕೇಳಿ ಅವಳಿಗೆ ಅನುಮತಿ ಕೊಡಿಸಿದರು. ಚಿತ್ರದ ಉಳಿದವರೆಲ್ಲ ಮುಂದೆ, ಅವಳ ಮೇಜು ಅಲ್ಲೆಲ್ಲೋ ಗೋಡೆಯ ಬದಿಗೆ. ಅಲ್ಲಿಂದ ಎದ್ದು ಬಂದು, ತನ್ನ ಜನಕ್ಕೂ ಚಿತ್ರರಂಗಕ್ಕೂ ಸದಾ ಹೆಮ್ಮೆ ತರುವಂತೆ ಇರಲಿ ಎಂದು ಹೇಳುವಾಗ ಅವಳ ಗಂಟಲು ಕಟ್ಟಿತ್ತು. ಅದರ ದೃಶ್ಯ ಉಳಿದಿದೆ, ನೋಡಿ.

ವಾರಕ್ಕೆ ಏಳು ಡಾಲರಿಗೆ ಕೆಲಸದವಳಾಗುವುದಕ್ಕಿಂತ ಏಳುನೂರು ಡಾಲರಿಗೆ ಕೆಲಸದವಳ ಪಾತ್ರ ಮಾಡುವುದೇ ಮೇಲು ಎಂಬ ಮಾತು ಅವಳ ಹೆಸರಿನಲ್ಲಿ ಓಡಾಡುತ್ತದೆ. ಆ ಮಾತೇ ಅವಳಿಗೆ ಅನ್ಯಾಯ ಮಾಡಿದೆ ಅನ್ನಿಸುತ್ತದೆ ನನಗೆ. ಕೇಳಿದವರು ಇವಳದು ಬರೀ ದುಡ್ಡಿನ ಲೆಕ್ಕ ಅಂದುಕೊಳ್ಳುತ್ತಾರೆ. ಅವಳು ಮಾಡಿದ ಬೇರೆ ಕೆಲಸವೂ ಇದೆ. ಲಾಸ್ ಏಂಜಲೀಸಿನ ವೆಸ್ಟ್ ಆಡಮ್ಸ್ ಬಡಾವಣೆಯಲ್ಲಿ ಮನೆ ಕೊಂಡಾಗ, ಆಸ್ತಿಪತ್ರದ ಕರಾರಿನಂತೆ ಕಪ್ಪು ಜನ ಇಲ್ಲಿ ಇರುವಂತಿಲ್ಲ ಎಂದು ಕೆಲವು ಬಿಳಿಯ ನೆರೆಯವರು ಕೋರ್ಟಿಗೆ ಹೋದರು. ಹ್ಯಾಟಿ ನೆರೆಹೊರೆಯ ಕಪ್ಪು ಕುಟುಂಬಗಳನ್ನು ಒಟ್ಟುಗೂಡಿಸಿದಳು, ತನ್ನ ಮನೆಯಲ್ಲೇ ಸಭೆ ಸೇರಿಸಿದಳು. 1945ರಲ್ಲಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ಕಾನೂನಿನ ಮುಂದೆ ಎಲ್ಲರೂ ಸಮಾನರು ಅನ್ನುವ ಸಂವಿಧಾನದ 14ನೇ ತಿದ್ದುಪಡಿಯನ್ನು ಎತ್ತಿ ಹಿಡಿದು ಆ ದಾವೆಯನ್ನು ತಳ್ಳಿಹಾಕಿದರು. ಇಂಥ ಕರಾರುಗಳನ್ನು ಜಾರಿಗೊಳಿಸಲಾಗದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದಾಗಿ ಮೂರು ವರ್ಷಕ್ಕೆ. 1947ರಲ್ಲಿ 'ಬ್ಯೂಲಾ' ರೇಡಿಯೋ ಸರಣಿಯ ಮುಖ್ಯ ಪಾತ್ರ ಒಪ್ಪಿಕೊಳ್ಳುವಾಗಲೂ, ಕಪ್ಪು ಜನರದೆಂದು ಕಲ್ಪಿಸಿದ ಒಡಕು ಇಂಗ್ಲಿಷಿನಲ್ಲಿ ಮಾತಾಡುವುದಿಲ್ಲ ಅಂತ ಷರತ್ತು ಹಾಕಿದಳು.

1952ರ ಅಕ್ಟೋಬರ್‌ನಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. ಹಾಲಿವುಡ್ ಸ್ಮಶಾನದಲ್ಲಿ ಮಲಗಬೇಕೆಂಬ ಆಸೆಯಿತ್ತು. ಕಪ್ಪು ಬಣ್ಣದವಳೆಂದು ಜಾಗ ಕೊಡಲಿಲ್ಲ. 1999ರಲ್ಲಿ ಅಲ್ಲೊಂದು ಸ್ಮಾರಕ ಕಲ್ಲು ನಿಲ್ಲಿಸಿದರು. ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ್ದ ಅವಳ ಆಸ್ಕರ್ ಫಲಕ ಎಂದೋ ಕಳೆದುಹೋಯಿತು. ಬದಲಿಯಾಗಿ ಇನ್ನೊಂದನ್ನು ಅಕಾಡೆಮಿ ಕೊಟ್ಟಿದ್ದು 2023ರಲ್ಲಿ.

ಡೆನ್ವರ್‌ನಲ್ಲಿ ಅವಳು ಗೇಲಿ ಮಾಡಿದ ಮ್ಯಾಮಿಯನ್ನು ನಾವು ಯಾರೂ ಇನ್ನು ನೋಡಲಾರೆವು. ಆದರೆ ಮಲೀನಾ ಇದ್ದಾಳೆ. ಬಿಡುವಾದಾಗ ಆ ಊಟದ ದೃಶ್ಯ ಹುಡುಕಿ ನೋಡಿ. ಟೋಪಿ ಜಾರುವಾಗ ಟೋಪಿಯನ್ನು ನೋಡಬೇಡಿ, ಆ ಕಣ್ಣು ನೋಡಿ, ಮೇಜಿನ ಸುತ್ತ ಕೂತವರನ್ನು ಅವಳು ಹೇಗೆ ನೋಡುತ್ತಾಳೆ ಅಂತ ಗಮನಿಸಿ. ನೋಡಿದ ಮೇಲೆ ಏನನ್ನಿಸಿತು ಅಂತ ಇಲ್ಲೇ ಬರೆಯಿರಿ, ನಾನು ಕಾಯುತ್ತಿರುತ್ತೇನೆ.