ದರ್ಜಿಯೇ ಬರೆಯಬೇಕಾದ ಜೀವನಚರಿತ್ರೆ

ಅಮೆರಿಕದ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್ ಅವರ ರಾಜಕೀಯ ಜೀವನಚರಿತ್ರೆ ಬರೆಯಲು ಇತಿಹಾಸಕಾರರು ಬೇಕಿಲ್ಲ, ಒಬ್ಬ ಒಳ್ಳೆಯ ದರ್ಜಿ ಸಾಕು. ಅಮೆರಿಕದ ಪಂಡಿತರು ಟೇಪನ್ನು ಕೊರಳಿಗೆ ನೇತುಹಾಕಿಕೊಂಡು ಇಷ್ಟು ವರ್ಷ ಮಾಡುತ್ತಾ ಬಂದಿರುವುದೂ ಆ ಕೆಲಸವನ್ನೇ.

2018ರ ಜೂನ್‌ನಲ್ಲಿ ನ್ಯೂಯಾರ್ಕಿನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಹತ್ತು ಬಾರಿ ಗೆದ್ದು ಬೇರು ಬಿಟ್ಟಿದ್ದ ಸಂಸದ ಜೋ ಕ್ರೌಲಿಯವರನ್ನು ಈಕೆ ಬುಡಸಮೇತ ಕಿತ್ತರು. ಆಗ ವಯಸ್ಸು 28. ಅದಕ್ಕೆ ಮುಂಚೆ ಬಾರಿನಲ್ಲಿ ಗ್ಲಾಸು ತುಂಬಿಸುವ ಕೆಲಸ. ಪ್ರಚಾರಕ್ಕೆಂದು ಮನೆಮನೆ ಅಲೆದು ಅಟ್ಟೆ ಸವೆದ ಬೂಟುಗಳು ಕಾರ್ನೆಲ್ ವಿಶ್ವವಿದ್ಯಾಲಯದ ಉಡುಪು ಪ್ರದರ್ಶನಕ್ಕೆ ಹೋದವು. ಪಾದದಿಂದ ಶುರುವಾದ ತಪಾಸಣೆ ಮೇಲೇರದೆ ಬಿಟ್ಟೀತೇ?

ಬಿಡಲಿಲ್ಲ. ಸಂಬಳ ಬರುವ ತನಕ ವಾಷಿಂಗ್ಟನ್ನಿನಲ್ಲಿ ಬಾಡಿಗೆ ಮನೆ ಹಿಡಿಯುವುದು ಕಷ್ಟ ಎಂದು ಈಕೆ ಹೇಳಿದ್ದೇ ತಡ, ಪತ್ರಕರ್ತರೊಬ್ಬರು ಬೆನ್ನ ಹಿಂದಿನಿಂದ ತೆಗೆದ ಫೋಟೊ ಹಾಕಿ, ಈ ಕೋಟು ನೋಡಿದರೆ ಕಷ್ಟಪಡುವ ಹುಡುಗಿಯಂತೆ ಕಾಣುವುದಿಲ್ಲ ಎಂದು ಷರಾ ಬರೆದರು. ಬಡತನಕ್ಕೂ ಸಮವಸ್ತ್ರವಿದೆ ಎಂದು ನನಗೆ ತಿಳಿದದ್ದು ಆಗಲೇ.

29ಕ್ಕೆ ಪ್ರಮಾಣವಚನ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಚರಿತ್ರೆಯಲ್ಲೇ ಅಷ್ಟು ಚಿಕ್ಕ ವಯಸ್ಸಿಗೆ ಆರಿಸಿ ಬಂದ ಹೆಣ್ಣುಮಗಳು ಇನ್ನೊಬ್ಬರಿರಲಿಲ್ಲ. ಅದೇ ವಾರ ಯಾರೋ ಆಕೆಯ ಕಾಲೇಜು ದಿನಗಳ ವಿಡಿಯೊ ಹೊರಗೆಳೆದರು. ಘೋರ ಅಪರಾಧ: ತಾರಸಿಯ ಮೇಲೆ ನೃತ್ಯ. ಆಕೆ ತನ್ನ ಕಚೇರಿಯ ಬಾಗಿಲಲ್ಲೇ ಇನ್ನೊಮ್ಮೆ ಕುಣಿದು ತೋರಿಸಿದರು.

ಹಾಗಾದರೆ ಗಾಂಭೀರ್ಯವೆಂದರೇನು? ಹವಾಮಾನ ಬದಲಾವಣೆ ಎದುರಿಸಲೆಂದು ಆಕೆ ಮಂಡಿಸಿದ್ದ ಗ್ರೀನ್ ನ್ಯೂ ಡೀಲ್ ನಿರ್ಣಯ 2019ರ ಮಾರ್ಚ್‌ನಲ್ಲಿ ಮೇಲ್ಮನೆಯಾದ ಸೆನೆಟ್ಟಿನ ಮುಂದೆ ಬಂದಾಗ, ಯೂಟಾದ ಸೆನೆಟರ್ ಮೈಕ್ ಲೀ ದೊಡ್ಡ ಚಿತ್ರಪಟವೊಂದನ್ನು ನಿಲ್ಲಿಸಿಕೊಂಡು ಮಾತಾಡಿದರು. ಅದರಲ್ಲಿ ಮಾಜಿ ಅಧ್ಯಕ್ಷ ರೊನಾಲ್ಡ್ ರೇಗನ್ ಕೈಯಲ್ಲಿ ಮೆಷಿನ್ ಗನ್ ಹಿಡಿದು ಡೈನೋಸಾರ್ ಸವಾರಿ ಮಾಡುತ್ತಿದ್ದರು. ಗಾಂಭೀರ್ಯವೆಂದರೆ ಅದು! ಮತ ಬಿದ್ದದ್ದು ವಿರುದ್ಧ 57, ಪರ ಸೊನ್ನೆ. ಆಕೆಯ ಪಕ್ಷದ ಬಹುಪಾಲು ಹಿರಿಯರು ಪರವೂ ಇಲ್ಲ, ವಿರೋಧವೂ ಇಲ್ಲ, ಬರೀ 'ಹಾಜರ್' ಎಂದರು. ಶಾಲೆಯಲ್ಲಿ ನಾವೂ ಹಾಗೆಯೇ ಪಾಸಾಗಿದ್ದೆವು.

ಆ ಹಿರಿಯರ ವಿಷಯ ಬಂತು. 2024ರ ಡಿಸೆಂಬರ್‌ನಲ್ಲಿ ಕೆಳಸದನದ ಮೇಲುಸ್ತುವಾರಿ ಸಮಿತಿಯಲ್ಲಿ ಡೆಮಾಕ್ರಟರ ನಾಯಕತ್ವಕ್ಕೆ 35ರ ಈಕೆ ನಿಂತರು. ಎದುರಿಗೆ 74ರ ಜೆರ್ರಿ ಕೊನೊಲಿ. ತಮಗೆ ಅನ್ನನಾಳದ ಕ್ಯಾನ್ಸರ್ ಇರುವುದನ್ನು ಹಿಂದಿನ ತಿಂಗಳಷ್ಟೇ ಹೇಳಿಕೊಂಡಿದ್ದರು. ಪಕ್ಷ 131–84ರಿಂದ ಹಿರಿತನವನ್ನೇ ಆರಿಸಿತು. ಮುಂದಿನ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಸಾವಿನ ಮೇಲೆ ನನ್ನ ನಗೆಯಿಲ್ಲ. ಆದರೆ ಸರತಿಯ ಸಾಲನ್ನು ದೇವರ ಉತ್ಸವದಂತೆ ಪೂಜಿಸುವ ಪಕ್ಷದ ಭಕ್ತಿಗೆ ಕೈಮುಗಿಯದಿರಲು ಸಾಧ್ಯವೇ? ಕೋಟಿನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡುವ ಊರಿನಲ್ಲಿ ಕುರ್ಚಿಯಲ್ಲಿ ಕೂತವರ ವಯಸ್ಸನ್ನು ಕೇಳುವುದು ಮಾತ್ರ ಅಸಭ್ಯತೆ.

ಒಂದು ಕಡೆ ಆಕೆಯೇ ಟೇಪಿಗೆ ಮೈಯೊಡ್ಡಿದರು, ಒಪ್ಪುತ್ತೇನೆ. ನ್ಯೂಯಾರ್ಕಿನ ಅದ್ದೂರಿ ಫ್ಯಾಷನ್ ಔತಣವಾದ ಮೆಟ್ ಗಾಲಾದಲ್ಲಿ, 2021ರಲ್ಲಿ, ಶ್ರೀಮಂತರ ನಡುವೆ, 'ಶ್ರೀಮಂತರಿಗೆ ತೆರಿಗೆ ಹಾಕಿ' ಎಂದು ಕೆಂಪಕ್ಷರದಲ್ಲಿ ಬರೆದ ಬಿಳಿ ಗೌನು ತೊಟ್ಟು ಹೋದರು. ಮದುವೆಯೂಟಕ್ಕೆ ಹೋಗಿ ಉಪವಾಸದ ಮಹಿಮೆ ಹೇಳಿದಂತೆ. ಆ ಗೌನಿನ ಬಾಡಿಗೆ, ಜೊತೆಗೆ ತೊಟ್ಟ ಸಾಮಗ್ರಿಗಳ ಬೆಲೆಯನ್ನೆಲ್ಲ ಸದನದ ನೈತಿಕತೆ ಸಮಿತಿ ಕೂಡಿಸಿ ಕಳೆದು, 2025ರ ಜುಲೈನಲ್ಲಿ ವರದಿ ಕೊಟ್ಟಿತು. ಶ್ರೀಮಂತರ ತೆರಿಗೆ ಇದ್ದಲ್ಲೇ ಇದೆ. ಆಕೆ ಮಾತ್ರ ಇನ್ನೂ 2,733 ಡಾಲರ್ 28 ಸೆಂಟ್ ಕಟ್ಟಬೇಕೆಂದು ಇತ್ಯರ್ಥವಾಯಿತು.